ಜೆಮುಲ್ಪೋದಲ್ಲಿ ಗಂಗವ್ವ

ಮಿಮಿಕ್ರಿ ಮಾಡುವವನ ಕೂಲಿ ಚಪ್ಪಾಳೆಯಲ್ಲ. ಚಪ್ಪಾಳೆ ಭಾಷಣಕ್ಕೂ ಬೀಳುತ್ತದೆ, ಸೊಳ್ಳೆಗೂ ಬೀಳುತ್ತದೆ. ಎದುರಿಗೆ ಕೂತವನು ತೊಡೆ ತಟ್ಟಿಕೊಂಡು, "ಏ, ಇದು ಅವರ! ಥೇಟ್ ಅವರ!" ಎಂದು ಕೂಗಬೇಕು. ಅದು ಕೂಲಿ. ಆ ಕೂಲಿ ಉಳವಪ್ಪನಿಗೆ ಸಿಗದೆ ಒಂದು ವರ್ಷ ದಾಟಿತ್ತು.

ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿನ ಗ್ಯಾದರಿಂಗಿನಲ್ಲಿ ಅವನದೇ ರಾಜ್ಯಭಾರ. ಪ್ರಿನ್ಸಿಪಾಲ ಗುರುಬಸಪ್ಪ ಸರ್ ಮೂಗಿಗೆ ನಶ್ಯ ಏರಿಸಿ, ಸೀನು ಬರುತ್ತದೋ ಇಲ್ಲವೋ ಎಂಬ ಅನುಮಾನದಲ್ಲೇ ಇಡೀ ಭಾಷಣ ಮುಗಿಸುವುದನ್ನು ಅವನು ಮಾಡಿ ತೋರಿಸಿದರೆ, ಮೊದಲ ಸಾಲಿನಲ್ಲಿ ಕೂತ ಗುರುಬಸಪ್ಪ ಸರ್ ನಕ್ಕು ನಕ್ಕು ಕೊನೆಗೆ ತಾವೇ ಸೀನಿಬಿಡುತ್ತಿದ್ದರು. ಬಸ್ ಕಂಡಕ್ಟರು, ಚಹಾದಂಗಡಿಯ ಮಾಮಾ, ಕಾಲೇಜಿನ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದ ಗಂಗವ್ವ, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದರು.

ಜರ್ಮನಿಯವರು ಕಂಪ್ಯೂಟರಿನವರು ಬೇಕೆಂದು ಗ್ರೀನ್ ಕಾರ್ಡ್ ಹಂಚತೊಡಗಿದಾಗ ಉಳವಪ್ಪ ಆ ಎಲ್ಲ ಬಾಡಿಗೆದಾರರ ಸಮೇತ ವಿಮಾನ ಹತ್ತಿದ. ಆ ಕಾರ್ಡ್ ಹಸಿರೂ ಅಲ್ಲ, ಕಾರ್ಡೂ ಅಲ್ಲ, ಪಾಸ್‌ಪೋರ್ಟಿನ ಹಾಳೆಗೆ ಅಂಟಿಸಿದ ಒಂದು ಚೀಟಿ. ಇಳಿದ ಊರು ಆಖೆನ್. ಅಲ್ಲಿ ‘ಯಾಕೆ, ಏನು’ ಎಂದು ಕೇಳುವವರು ಮಾತ್ರ ಯಾರೂ ಇರಲಿಲ್ಲ.

ಕೆಲಸ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ. ಸೇರಿದ ತಿಂಗಳಲ್ಲೇ ಆಫೀಸಿನ ಅಡುಗೆಮನೆಯಲ್ಲಿ, ಯಾರದೋ ಹುಟ್ಟುಹಬ್ಬದ ಕೇಕಿನ ಮುಂದೆ, ಉಳವಪ್ಪ ಗುರುಬಸಪ್ಪ ಸರ್ ಅವರನ್ನು ಕರೆತಂದ. ಇಂಗ್ಲಿಷ್ ಭಾಷಣ, ನಶ್ಯ, ಅರ್ಧಕ್ಕೆ ನಿಂತ ಸೀನು. ಎಲ್ಲರೂ ಗಂಭೀರವಾಗಿ ನೋಡಿದರು. ಮುಗಿದ ಮೇಲೆ ಯೆನ್ಸ್ ಎಂಬ ಸಹೋದ್ಯೋಗಿ, "ಪಾಪ, ಅವರಿಗೆ ಏನು ಅಲರ್ಜಿ?" ಎಂದು ಕೇಳಿದ. ಇನ್ನೊಬ್ಬಳು ಪೇಪರ್ ಕರವಸ್ತ್ರ ಚಾಚಿದಳು.

ಮೂಲ ಗೊತ್ತಿಲ್ಲದವರಿಗೆ ನಕಲು ತೋರಿಸಿದರೆ ಅದು ಮಿಮಿಕ್ರಿಯಾಗುವುದಿಲ್ಲ, ಬರೇ ಕಾಯಿಲೆಯಾಗುತ್ತದೆ ಎಂದು ಅವನಿಗೆ ಅಂದು ತಿಳಿಯಿತು. ಸರಿ, ಗೊತ್ತಿರುವವರನ್ನೇ ಮಾಡೋಣ ಎಂದು ಮುಂದಿನ ವಾರ ಬಾಸ್ ಹೆರ್ ವಿರ್ಟ್ಸ್ ಅವರನ್ನು ಮಾಡಿದ. ಕನ್ನಡಕವನ್ನು ಹಣೆಗೇರಿಸಿ, ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತ, "ಆಲ್ಸೋ... ಆಲ್ಸೋ..." ಎಂದು ಜರ್ಮನ್ನಿನ ‘ಅಂದರೆ, ಅಂದರೆ’ಯನ್ನು ಎಳೆಯುವುದು. ಈ ಸಲ ಎಲ್ಲರಿಗೂ ಗುರುತು ಸಿಕ್ಕಿತು, ಯಾರೂ ನಗಲಿಲ್ಲ. ಯೆನ್ಸ್ ಎದ್ದು ಹೋಗಿ ಬಾಗಿಲನ್ನು ಮೆಲ್ಲಗೆ ಮುಚ್ಚಿದ. ಉಳವಪ್ಪ ಅಂದಿನಿಂದ ಬಾಯಿಯ ಬಾಗಿಲನ್ನೂ ಮುಚ್ಚಿಕೊಂಡ.

ಉಳಿದವನು ಪ್ರವೀಣಕುಮಾರ ಒಬ್ಬನೇ. ಅದೇ ಕಾಲೇಜು, ಅದೇ ಖಾನಾವಳಿ. ಈಗ ಜರ್ಮನಿಯದೇ ಇನ್ನೊಂದು ಮೂಲೆಯ ಸೇಂಟ್ ಲಿಯೋನ್-ರೋಟ್‌ನಲ್ಲಿ ದೊಡ್ಡ ಕಂಪನಿಯ ನೌಕರಿ, ಹೊಸ ಹೆಂಡತಿ ಪವಿ. ಶನಿವಾರ ಫೋನು ಮಾಡಿದರೆ ಮೊದಮೊದಲು, "ಲೇ, ಆ ಕಂಡಕ್ಟರ್ ಮಾಡಲೇ" ಎನ್ನುತ್ತಿದ್ದ. ಈಗ, "ತಡಿಯೋ, ಪವೀನ ಶಾಪಿಂಗಿಗೆ ಕರ್ಕೊಂಡ್ ಹೊಂಟೀನಿ, ಆಮ್ಯಾಲೆ ಮಾಡ್ತೀನಿ" ಎನ್ನುತ್ತಾನೆ. ಆ ಆಮ್ಯಾಲೆ ಇನ್ನೂ ಬಂದಿರಲಿಲ್ಲ.

ಹೀಗಿರುವಾಗ ಕಂಪನಿಗೆ ಒಂದು ಪುಟ್ಟ ಕೆಲಸ ಬಂತು. ಆಖೆನ್ ಪಕ್ಕದ ಹಳೆಯ ಕಲ್ಲಿದ್ದಲು ಊರೊಂದರ ಮ್ಯೂಸಿಯಮ್ಮಿಗೆ ಬೆರಳಿನಿಂದ ಮುಟ್ಟಿ ನೋಡುವ ಪರದೆಯೊಂದು ಬೇಕಾಗಿತ್ತು. ಪುಟ್ಟ ಕೆಲಸ ಪುಟ್ಟ ಜರ್ಮನ್ ಬರುವ ಉಳವಪ್ಪನ ಪಾಲಿಗೆ ಬಿತ್ತು.

ಪ್ರದರ್ಶನ ಸೂಜಿಯದು. ಆಖೆನ್ ಒಂದು ಕಾಲಕ್ಕೆ ಲೋಕಕ್ಕೆಲ್ಲ ಸೂಜಿ ಕಳಿಸಿದ ಸೀಮೆ. ಆ ಸೂಜಿಯ ಹಿಂದೆ ದಾರದಂತೆ ಹೋದವನು ಈ ಊರಿನ ಯೋಸೆಫ್ ಹೆರ್ಮಾನ್ಸ್ ಎಂಬ ವ್ಯಾಪಾರಿ. ೧೮೮೩ರಲ್ಲಿ ಕೊರಿಯಾದ ಜೆಮುಲ್ಪೋ ಬಂದರು ಹೊರನಾಡಿನವರ ವ್ಯಾಪಾರಕ್ಕೆ ತೆರೆಯಿತು, ಮರುವರ್ಷವೇ ಅವನು ಸೂಜಿ, ಬಣ್ಣದ ಪುಡಿ, ಗಡಿಯಾರಗಳ ಪೆಟ್ಟಿಗೆ ಕಟ್ಟಿಕೊಂಡು ಹೊರಟ. ಇಳಿಯುವುದೂ ಸುಲಭವಿರಲಿಲ್ಲವಂತೆ. ಸಮುದ್ರ ಹಿಂದೆ ಸರಿದರೆ ಕಣ್ಣು ಹಾಯುವಷ್ಟು ದೂರ ಕೆಸರು. ಹಡಗು ಆಚೆಯೇ ನಿಂತು, ನೀರು ಏರಿದಾಗ ಸಣ್ಣ ದೋಣಿಗಳಲ್ಲಿ ಸರಕು ದಡ ಸೇರಬೇಕು. ದಡದಲ್ಲಿ ಜಪಾನಿಗಳದೊಂದು ಕೇರಿ, ಚೀನೀಯರದೊಂದು ಕೇರಿ. ಗುಡ್ಡದ ಮೇಲೆ ಉಳಿದ ಪರದೇಶಿಗಳ ಮನೆಗಳು.

ಕನ್ನಡದಲ್ಲಿ ಪರದೇಶಿ ಎಂದರೆ ಹೊರನಾಡಿನವನೂ ಹೌದು, ದಿಕ್ಕಿಲ್ಲದವನೂ ಹೌದು. ಮ್ಯೂಸಿಯಮ್ಮಿನ ಫೋಟೋದಲ್ಲಿ ಹೆರ್ಮಾನ್ಸ್ ಎರಡೂ ಆಗಿದ್ದ. ಮರದ ವರಾಂಡ, ಒಂದೇ ಕುರ್ಚಿ, ಕುರ್ಚಿಯಲ್ಲಿ ಕೋಟು ಹಾಕಿದ ಮನುಷ್ಯ. ಕೆಳಗಿನ ಫಲಕದಲ್ಲಿ ಅವನದೇ ಮಾತು: "ಇಲ್ಲಿ ನನ್ನೊಡನೆ ಎಲ್ಲರೂ ವ್ಯಾಪಾರ ಮಾಡುತ್ತಾರೆ, ಯಾರೂ ಮಾತಾಡುವುದಿಲ್ಲ. ಸಂಜೆಯಾದರೆ ಊರ ಹೆಂಗಸರು ಬಟ್ಟೆ ಬಡಿಯುವ ಸದ್ದು. ಮೊದಲು ತಲೆನೋವಾಗಿತ್ತು. ಈಗ ಅದು ನಿಂತರೆ ನಿದ್ದೆ ಬಾರದು."

ಉಳವಪ್ಪ ಆ ಫಲಕವನ್ನು ಡಿಕ್ಷನರಿ ಹಿಡಿದು ಓದಿದ. ಆಮೇಲೆ ಡಿಕ್ಷನರಿಯಿಲ್ಲದೆ ಇನ್ನೊಮ್ಮೆ ಓದಿದ.

"ಬಟ್ಟೆ ಬಡಿಯುವುದೆಂದರೆ ಒಗೆಯುವುದೇ?" ಎಂದು ಮ್ಯೂಸಿಯಮ್ಮಿನ ಮುಖ್ಯಸ್ಥೆ ಫ್ರೌ ಲೆನ್ನಾರ್ಟ್ಸ್ ಅವರನ್ನು ಕೇಳಿದ.

"ಅಲ್ಲ, ಅದು ಇಸ್ತ್ರಿಯ ಬದಲು. ಒಗೆದು ಗಂಜಿ ಹಾಕಿದ ಬಟ್ಟೆಯನ್ನು ಮಡಚಿ ಕಲ್ಲಿನ ಮೇಲಿಟ್ಟು, ಇಬ್ಬರು ಹೆಂಗಸರು ಎದುರುಬದುರು ಕೂತು ಮರದ ಕೋಲುಗಳಿಂದ ಬಡಿಯುತ್ತಿದ್ದರು. ಹೊಳಪು ಬರುವವರೆಗೆ." ಆಕೆ ಫೋಟೋ ನೋಡಿ ನಿಟ್ಟುಸಿರಿಟ್ಟರು. "ನಮ್ಮಲ್ಲಿ ಚಿತ್ರಗಳಿವೆ, ಸದ್ದು ಒಂದೂ ಇಲ್ಲ. ಸದ್ದಿಲ್ಲದ ಬಂದರು ಸ್ಮಶಾನದ ಹಾಗೆ ಕಾಣುತ್ತದೆ."

ವರ್ಷದಿಂದ ಮುಚ್ಚಿದ್ದ ಬಾಯಿ ತಾನಾಗಿ ತೆರೆಯಿತು. "ನಾನು ಮಾಡುತ್ತೇನೆ."

"ನಿಮಗೆ ಕೊರಿಯನ್ ಬರುತ್ತದೆಯೇ?"

ಉಳವಪ್ಪ ‘ನೋಡೋಣ’ ಎಂಬಂತೆ ತಲೆ ಆಡಿಸಿದ. ಹುಬ್ಬಳ್ಳಿಯಿಂದ ಹೊರಟ ಆ ‘ನೋಡೋಣ’ ಫ್ರೌ ಲೆನ್ನಾರ್ಟ್ಸ್ ಅವರ ಕಣ್ಣು ತಲುಪುವಷ್ಟರಲ್ಲಿ ‘ಯಾ, ಯಾ’ ಆಗಿತ್ತು. ಆಕೆಯ ಮುಖ ಅರಳಿದ್ದನ್ನು ಕಂಡ ಮೇಲೆ ತಿದ್ದಲು ಅವನಿಗೆ ಮನಸ್ಸಾಗಲಿಲ್ಲ.

ಶನಿವಾರ ಕೋಣೆಯಲ್ಲಿ ರಜಾಯಿ ಹೊದ್ದು, ಅದರೊಳಗೆ ಮೈಕು ಹಿಡಿದು, ಉಳವಪ್ಪ ಬಂದರು ಕಟ್ಟತೊಡಗಿದ. ಗಾಳಿ, ಹದ್ದು, ಹಡಗಿನ ಶಿಳ್ಳೆ ಸುಲಭವಾಗಿ ಬಂದವು. ಜನ ಬೇಕಲ್ಲ? ದೋಣಿ ಎಳೆಯುವವನು ಯಾರು? ಕಂಡಕ್ಟರು ಬಂದ. "ಮುಂದ ಸರೀರಿ, ಮುಂದ ಸರೀರಿ" ಎಂಬುದರ ಅಕ್ಷರಗಳನ್ನು ಕಲಸಿ ಮೊಸರನ್ನ ಮಾಡಿ ದಡಕ್ಕೆ ಚೆಲ್ಲಿದ. ಸುಂಕದ ಅಧಿಕಾರಿಯಾಗಿ ಗುರುಬಸಪ್ಪ ಸರ್ ಅರ್ಧ ಸೀನಿನೊಂದಿಗೆ ಹಾಜರಾದರು. ಚಹಾದ ಮಾಮಾ ಚೀನೀ ಕೇರಿಯಲ್ಲಿ ಅಂಗಡಿ ತೆರೆದ. ಸೂಜಿಯ ಚೌಕಾಶಿಗೆ ಗಂಗವ್ವನೇ ಸೈ. ಉದ್ರಿ ಕೇಳಿದ ಹುಡುಗರಿಗೆ ಅವಳು ಬೈಯುತ್ತಿದ್ದ ರಾಗವನ್ನೇ ಎತ್ತಿ ಹೆರ್ಮಾನ್ಸನ ಮೇಲೆ ಸುರಿದ.

ಪ್ರವೀಣನಿಗೆ ಫೋನು ಮಾಡಿ ಹೇಳಿದ.

"ಕೊರಿಯಾದ ಬಂದರಿನ್ಯಾಗ ಗಂಗವ್ವನ್ನ ಕುಂದರಿಸೀಯೇನಲೇ ಮಗಾ!" ಪ್ರವೀಣ ಬಹಳ ದಿನದ ಮೇಲೆ ನಕ್ಕ. "ಯಾರರ ಗುರ್ತ ಹಿಡದ್ರ?"

"ಇಲ್ಲಿ ಕೊರಿಯನ್ ಯಾರಿಗೆ ಬರತೈತೋ? ನಾ ಮಾತಾಡೋದು ಜರ್ಮನ್ ಅಂತನ ಇವ್ರು ಇನ್ನೂ ಗುರ್ತ ಹಿಡದಿಲ್ಲ."

"ಅಲ್ಲಲೇ, ಗುರ್ತ ಹಿಡೀಲಿ ಅಂತನ ಅಲ್ಲೇನು ನೀ ಮಿಮಿಕ್ರಿ ಮಾಡೋದು?"

ಉಳವಪ್ಪ ಫೋನನ್ನು ಕಂಪ್ಯೂಟರಿನ ಹತ್ತಿರ ಹಿಡಿದ. "ಗಂಗವ್ವನ್ನ ಕೇಳಸ್ತೀನಿ ತಡಿ" ಎನ್ನುವಷ್ಟರಲ್ಲಿ ಆ ಕಡೆ ಪವಿಯ ದನಿ ಕೇಳಿಸಿತು, ಫೋನು ಆಮ್ಯಾಲೆಗೆ ಹೋಯಿತು.

ಉಳಿದದ್ದು ಬಟ್ಟೆ ಬಡಿಯುವ ಸದ್ದು. ಕಟ್ಟಿಗೆಯ ಚಮಚ, ಪುಸ್ತಕ, ಬೂಟು, ಯಾವುದರಿಂದ ಬಡಿದರೂ ಬಾಗಿಲು ತಟ್ಟಿದಂತೆ ಕೇಳುತ್ತಿತ್ತು. ಇಬ್ಬರು ಹೆಂಗಸರು ಎದುರುಬದುರು ಎಂಬ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಭಾನುವಾರ ಎದ್ದಾಗ ಹೊಳೆಯಿತು. ಖಾನಾವಳಿಯ ಹಿಂದಿನ ಪಡಸಾಲೆಯಲ್ಲಿ ಗಂಗವ್ವ ಮತ್ತು ಅವಳ ನೆಗೆಣ್ಣಿ ಎದುರುಬದುರು ಕೂತು ರೊಟ್ಟಿ ಬಡಿಯುತ್ತಿದ್ದರು! ಓರಗಿತ್ತಿಯರಿಬ್ಬರಿಗೂ ವರ್ಷಗಳಿಂದ ಮಾತಿರಲಿಲ್ಲ. ಮಾತೆಲ್ಲ ಕೈಯಲ್ಲೇ. ಗಂಗವ್ವ ಪಟಪಟ ಎಂದು ಏರಿಸಿದರೆ ನೆಗೆಣ್ಣಿ ಒಂದು ಗುಟುಕು ತಡೆದು, ಬೇಕೆಂದೇ ತಡೆದು, ಪಟ್ ಎಂದು ಬಾರಿಸುವಳು. ಊಟಕ್ಕೆ ಕೂತ ಹುಡುಗರು ಸದ್ದಿನಲ್ಲೇ ಅಂದಿನ ಜಗಳದ ಮಟ್ಟ ಅಳೆದು, ಎರಡನೇ ಸಲ ಪಲ್ಯ ಕೇಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು.

ಗೋದಿ ಹಿಟ್ಟಿಗೆ ಆ ಸದ್ದು ಬರುವುದಿಲ್ಲ. ಊರಿಂದ ತಂದ ಜೋಳದ ಹಿಟ್ಟು ಡಬ್ಬಿಯ ತಳದಲ್ಲಿ ಒಂದು ಹಿಡಿ ಉಳಿದಿತ್ತು. ತೀರಾ ಬೇಸರವಾದ ದಿನಕ್ಕೆಂದು ಎತ್ತಿಟ್ಟದ್ದು. ಅದನ್ನು ಬಿಸಿನೀರಲ್ಲಿ ನಾದಿ, ಹಲಗೆಯ ಮೇಲೆ ಮೊದಲು ಗಂಗವ್ವನಾಗಿ ಬಡಿದ. ಆಮೇಲೆ ಅದೇ ಹಿಟ್ಟನ್ನು ಮತ್ತೆ ಮುದ್ದೆ ಮಾಡಿ ನೆಗೆಣ್ಣಿಯಾಗಿ ಬಡಿಯುತ್ತಿದ್ದಾಗ ನಿಜವಾಗಿಯೂ ಯಾರೋ ಬಾಗಿಲು ಬಡಿದರು. ಕೆಳಗಿನ ಮನೆಯ ಮುದುಕ. "ಇವತ್ತು ಭಾನುವಾರ. ರೂಹೆಟ್ಸೈಟ್!" ಜರ್ಮನಿಯಲ್ಲಿ ಭಾನುವಾರ ಮೌನಕ್ಕೆ ಮೀಸಲು ಎಂಬುದು ಉಳವಪ್ಪನಿಗೆ ಗೊತ್ತಿತ್ತು. ಅವನ ಪಾಲಿಗೆ ಸೋಮವಾರದಿಂದ ಶನಿವಾರವೂ ಅದೇ ಆಗಿದ್ದರಿಂದ ವ್ಯತ್ಯಾಸ ಮರೆತಿದ್ದ. ಕ್ಷಮೆ ಕೇಳಿ, ನೆಗೆಣ್ಣಿಯನ್ನು ಹಾಸಿಗೆಯ ಮೇಲೆ ಹಲಗೆಯಿಟ್ಟು ಮುಗಿಸಿದ. ಎರಡನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ ದನಿಯನ್ನು ಕೊಂಚ ದಪ್ಪ ಮಾಡಿದ. ಹರಿದು ಚಿಂದಿಯಾದ ರೊಟ್ಟಿಯನ್ನು ಸುಟ್ಟು, ಆ ಸದ್ದನ್ನೇ ಹೆಡ್‌ಫೋನಿನಲ್ಲಿ ಕೇಳುತ್ತ, ಉಪ್ಪಿನಕಾಯಿ ಹಚ್ಚಿಕೊಂಡು ತಿಂದ. ಎದುರಿಗೆ ಯಾರೋ ಇದ್ದಾರೆ ಅನ್ನಿಸಿತು. ಸದ್ದು ಮುಗಿದಾಗ ಇರಲಿಲ್ಲ.

ಪ್ರದರ್ಶನದ ಉದ್ಘಾಟನೆ ಮತ್ತೊಂದು ಭಾನುವಾರ ಬೆಳಗ್ಗೆ. ಪರದೆಯ ಪಕ್ಕದ ಫಲಕದಲ್ಲಿ ‘ಜೆಮುಲ್ಪೋ ಬಂದರಿನ ದನಿಗಳು’ ಎಂದು ದಪ್ಪಕ್ಷರ. ಹೆರ್ ವಿರ್ಟ್ಸ್ ಇಸ್ತ್ರಿ ಮಾಡಿದ ಕೋಟಿನಲ್ಲಿ ನಿಂತಿದ್ದರು. ಊರಿನ ಹಿರಿಯರು ಒಬ್ಬೊಬ್ಬರಾಗಿ ಹೆಡ್‌ಫೋನ್ ಏರಿಸಿ, ಗಂಗವ್ವನ ಬೈಗುಳಕ್ಕೆ ತಲೆದೂಗಿ, "ಎಷ್ಟು ಸಹಜ!" ಎನ್ನುತ್ತಿದ್ದರು. ಮೆಚ್ಚುಗೆ ಎಷ್ಟು ಬಂದರೂ ಉಳವಪ್ಪನ ಹೊಟ್ಟೆ ತುಂಬಲಿಲ್ಲ. ‘ಎಷ್ಟು ಸಹಜ’ ಎಂಬುದೂ ಚಪ್ಪಾಳೆಯ ಜಾತಿಯದೇ.

ಅಷ್ಟರಲ್ಲಿ ಫ್ರೌ ಲೆನ್ನಾರ್ಟ್ಸ್ ಗ್ಲಾಸಿಗೆ ಚಮಚ ತಾಗಿಸಿ ಟಿಣ್ ಎನ್ನಿಸಿದರು. "ಇಂದು ನಮ್ಮ ನಡುವೆ ವಿಶೇಷ ಅತಿಥಿಯಿದ್ದಾರೆ. ನಮ್ಮ ಊರಿನ ಆಸ್ಪತ್ರೆಯಲ್ಲಿ ಇಷ್ಟು ವರ್ಷ ನರ್ಸ್ ಆಗಿದ್ದ ಫ್ರೌ ಶಿನ್. ಇವರು ಹುಟ್ಟಿದ್ದು ಇಂಚೆಯೋನ್ ನಗರದಲ್ಲಿ. ಜೆಮುಲ್ಪೋಗೆ ಇವತ್ತಿನ ಹೆಸರೇ ಇಂಚೆಯೋನ್!"

ಉಳವಪ್ಪ ಹೆರ್ ವಿರ್ಟ್ಸ್ ಅವರ ಬೆನ್ನ ಹಿಂದಕ್ಕೆ ಸರಿದ. ಇಲ್ಲಿನ ಗಣಿಗಳಿಗೆ ಕೊರಿಯಾದಿಂದ ಗಂಡಸರೂ ಆಸ್ಪತ್ರೆಗಳಿಗೆ ಹೆಂಗಸರೂ ತನ್ನ ಗ್ರೀನ್ ಕಾರ್ಡಿಗಿಂತ ಮೂವತ್ತು ವರ್ಷ ಮೊದಲೇ ಕೆಲಸಕ್ಕೆ ಬಂದು ಈ ನೆಲದಲ್ಲಿ ಹಣ್ಣಾಗಿದ್ದರು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಗುರುತು ಹಿಡಿಯುವವರು ಬೇಕೆಂದು ಒಂದು ವರ್ಷ ಹಂಬಲಿಸಿದವನು ಈಗ, ದೇವರೇ, ಈಕೆಗೆ ಕಿವಿ ಮಂದವಿರಲಿ ಎಂದು ಬೇಡಿಕೊಂಡ.

ಗುಂಗುರು ಕೂದಲು ಕತ್ತರಿಸಿಕೊಂಡ ಗಿಡ್ಡ ಹೆಂಗಸು ಮುಂದೆ ಬಂದರು. ಹೆಡ್‌ಫೋನ್ ಏರಿಸಿದರು. ಕಂಡಕ್ಟರನ ದನಿಗೆ ಅವರ ಹುಬ್ಬು ಗಂಟಿಕ್ಕಿತು. ಗುರುಬಸಪ್ಪ ಸರ್‌ಗೆ ಗಂಟು ಬಿಗಿಯಾಯಿತು. ಗಂಗವ್ವನ ಬೈಗುಳಕ್ಕೆ ಅವರು ತಲೆಯೆತ್ತಿ ಸುತ್ತಲೂ ನೋಡಿದರು, ಯಾರು ಮಾಡಿದ್ದು ಎಂದು ಹುಡುಕುವಂತೆ. ಆಮೇಲೆ ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ.

"ಹೇಗಿದೆ?" ಫ್ರೌ ಲೆನ್ನಾರ್ಟ್ಸ್ ಉತ್ಸಾಹದಿಂದ ಕೇಳಿದರು.

ಫ್ರೌ ಶಿನ್ ಹೆಡ್‌ಫೋನ್ ಕೆಳಗಿಟ್ಟರು. "ಇದರಲ್ಲಿ ಕೊರಿಯನ್ ಮಾತು ಒಂದೂ ಇಲ್ಲ."

ಹೆರ್ ವಿರ್ಟ್ಸ್ ಅವರ ಕನ್ನಡಕ ಹಣೆಗೇರಿತು. ಕೈ ಮೇಜಿನ ಮೇಲೆ ಅದನ್ನು ಹುಡುಕತೊಡಗಿತು. "ಆಲ್ಸೋ... ಆಲ್ಸೋ..."

"ಮಾಡಿದ್ದು ಯಾರು?"

"ನಾನು," ಎಂದ ಉಳವಪ್ಪ. "ತಪ್ಪಾಯಿತು. ನನಗೆ ಕೊರಿಯನ್ ಬರುವುದಿಲ್ಲ. ನನ್ನ ಊರಿನವರನ್ನು ತಂದು ಕೂರಿಸಿದ್ದೇನೆ."

ಫ್ರೌ ಶಿನ್ ಅವನ ಹತ್ತಿರ ಬಂದು ದನಿ ತಗ್ಗಿಸಿದರು. "ಬಟ್ಟೆ ಬಡಿಯುವ ಆ ಇಬ್ಬರು ಹೆಂಗಸರು. ಅವರಿಬ್ಬರಿಗೂ ಮಾತಿಲ್ಲ, ಅಲ್ಲವೇ?"

ಉಳವಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ, "ವರ್ಷಗಳಿಂದ ಇಲ್ಲ" ಎಂದ.

"ಎರಡನೆಯವಳು ಬೇಕೆಂದೇ ತಡ ಮಾಡುತ್ತಾಳೆ," ಎಂದರು ಫ್ರೌ ಶಿನ್. "ನನ್ನ ಅಮ್ಮ ಹಾಗೇ ಮಾಡುತ್ತಿದ್ದಳು. ಎದುರಿಗೆ ಅಜ್ಜಿ, ಅಂದರೆ ಅಮ್ಮನ ಅತ್ತೆ. ಬಾಯಿ ತೆರೆದು ಎದುರಾಡುವ ಹಾಗಿರಲಿಲ್ಲ. ಕೋಲು ಎದುರಾಡುತ್ತಿತ್ತು. ನಾನು ಮಲಗಿಕೊಂಡು ಕೇಳುತ್ತಿದ್ದೆ, ಇವತ್ತು ಯಾರು ಗೆದ್ದರು ಎಂದು." ಅವರು ಕೆಳಗಿಟ್ಟ ಹೆಡ್‌ಫೋನಿನತ್ತ ಬೆರಳು ತೋರಿಸಿದರು. "ಇದು ಅವರೇ."

ಥೇಟ್ ಅವರೇ. ಕೂಲಿ ಬಂದಿತ್ತು. ಎಲ್ಲಿಂದ ಬಂತೆಂದು ಉಳವಪ್ಪ ದಿಕ್ಕು ನೋಡುತ್ತ ನಿಂತ.

ತೀರ್ಮಾನ ಚಿಕ್ಕದಾಗಿತ್ತು. ಬಡಿಯುವ ಸದ್ದು ಉಳಿಯಬಹುದು, ಅದು ರೊಟ್ಟಿಯದೆಂದು ಫಲಕದಲ್ಲಿ ಬರೆಯಬೇಕು. ದನಿಗಳೆಲ್ಲ ಹೋಗಬೇಕು. ಹೆರ್ ವಿರ್ಟ್ಸ್ ಬೈಯಲಿಲ್ಲ. "ಇಂದೇ ಸರಿಮಾಡಿ" ಎಂದು ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು, ಒಂದು ಹೊಸ ರಾಗವಾದರೂ ಸಿಗುತ್ತಿತ್ತು.

ಜನ ಚದುರಿದ ಮೇಲೆ ಉಳವಪ್ಪ ಪರದೆಯ ಮುಂದೆ ಸ್ಟೂಲು ಎಳೆದುಕೊಂಡ. ಗೋಡೆಯ ಮೇಲೆ ಹೆರ್ಮಾನ್ಸ್ ಒಂಟಿ ಕುರ್ಚಿಯಲ್ಲಿ ಕೂತೇ ಇದ್ದ. ಅಳಿಸಲು ಬೆರಳು ಎತ್ತಿದಾಗ ಪಕ್ಕದಲ್ಲಿ ಇನ್ನೊಂದು ಸ್ಟೂಲು ಕಿರುಗುಟ್ಟಿತು. ಫ್ರೌ ಶಿನ್ ಕೋಟು ಹಾಕಿಕೊಂಡಿದ್ದರು, ಹೋಗಿರಲಿಲ್ಲ.

"ಬಸ್ಸು ಈಗಷ್ಟೇ ಹೋಯಿತು. ಇನ್ನೊಂದಕ್ಕೆ ಒಂದು ಗಂಟೆ ಇದೆ," ಎಂದರು. "ಅಳಿಸುವ ಮೊದಲು ಹೇಳಿ. ಇವನು ಯಾರು?"

"ಬಸ್ ಕಂಡಕ್ಟರ್. ಖಾಲಿ ಬಸ್ಸಿನಲ್ಲೂ ಮುಂದೆ ಸರಿಯಿರಿ ಅನ್ನುತ್ತಾನೆ."

ಅವರು ಕೇಳಿ ತಲೆಯಾಡಿಸಿದರು. ಉಳವಪ್ಪ ಅವನನ್ನು ಅಳಿಸಿದ.

"ಇವರು?"

"ನಮ್ಮ ಪ್ರಿನ್ಸಿಪಾಲರು. ಸೀನು ಬರುತ್ತದೆ ಎಂದು ಕಾಯುತ್ತಿದ್ದಾರೆ."

"ಬರುತ್ತದೆಯೇ?"

"ಭಾಷಣದಲ್ಲಿ ಎಂದೂ ಇಲ್ಲ."

ಗುರುಬಸಪ್ಪ ಸರ್ ಸೀನದೆಯೇ ಹೋದರು. ಚಹಾದ ಮಾಮಾ ಅಂಗಡಿ ಎತ್ತಿದ. ಗಂಗವ್ವನ ಬೈಗುಳ ಬಂದಾಗ ಉಳವಪ್ಪನ ಬೆರಳು ನಿಂತಿತು. ಫ್ರೌ ಶಿನ್ ಅವಸರ ಮಾಡಲಿಲ್ಲ. ಕೊನೆಗೆ ಅವನೇ ಒತ್ತಿದ. ಬಂದರಿನಲ್ಲಿ ಗಾಳಿ, ಹದ್ದು, ಹಡಗಿನ ಶಿಳ್ಳೆ, ಎರಡು ಜೋಡಿ ಕೈಗಳ ಸದ್ದು ಮಾತ್ರ ಉಳಿದವು.

"ನಾವು ನರ್ಸುಗಳು ಒಂದೇ ಹಾಸ್ಟೆಲಿನಲ್ಲಿದ್ದೆವು," ಎಂದರು ಫ್ರೌ ಶಿನ್. "ನಮ್ಮ ಮುಖ್ಯ ನರ್ಸ್ ಹಿಲ್ಡೆಗಾರ್ಡ್. ಸಂಜೆ ನಾನು ಅವಳ ಹಾಗೆ ಮಾಡಿ ತೋರಿಸುತ್ತಿದ್ದೆ. ಹುಡುಗಿಯರು ದಿಂಬು ಕಚ್ಚಿಕೊಂಡು ನಗುತ್ತಿದ್ದರು. ಈಗ ಕೆಲವರು ಊರಿಗೆ ಮರಳಿದರು, ಕೆಲವರು ಇಲ್ಲವೇ ಇಲ್ಲ. ಹಿಲ್ಡೆಗಾರ್ಡ್ ಯಾರೆಂದು ಬಲ್ಲವರು ಯಾರೂ ಉಳಿದಿಲ್ಲ. ನಾನು ಅವಳನ್ನು ಮಾಡಿ ಎಷ್ಟೋ ವರ್ಷವಾಯಿತು."

"ಮಾಡಿ," ಎಂದ ಉಳವಪ್ಪ.

"ನಿಮಗೆ ಅವಳು ಗೊತ್ತಿಲ್ಲವಲ್ಲ."

"ಮಾಡಿ."

ಆಕೆ ಎದ್ದರು. ಆ ಗಿಡ್ಡ ಮೈ ಒಮ್ಮೆಗೇ ಎತ್ತರವಾಯಿತು. ಗದ್ದ ಮೇಲೆ, ಮೂಗಿನ ತುದಿಯಿಂದ ನೋಟ. ಕಾಣದ ಹಾಸಿಗೆಯೊಂದರ ಹೊದಿಕೆಯ ಸರಿಯಾಗಿ ಮಡಚದ ಮೂಲೆಯನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಹಿಡಿದಂತೆ ಹಿಡಿದು, ಸಿಸ್ಟರ್ ಎನ್ನುವ ಜರ್ಮನ್ ಮಾತನ್ನು ಎಳೆದು, "ಶ್ವೆಸ್ಟರ್ ಶಿನ್! ಇದು ಮೂಲೆಯೋ, ಅಭಿಪ್ರಾಯವೋ?" ಎಂದರು.

ಮೂಲ ಗೊತ್ತಿಲ್ಲದ ಉಳವಪ್ಪನಿಗೆ ನಗು ಬರಲಿಲ್ಲ. ಅಂದು ಅಡುಗೆಮನೆಯಲ್ಲಿ ಯೆನ್ಸ್‌ನ ಮುಖ ಹೇಗಿತ್ತೋ ತನ್ನದೂ ಈಗ ಹಾಗೇ ಇರಬೇಕು ಅನ್ನಿಸಿತು. ಫ್ರೌ ಶಿನ್ ಅದನ್ನು ಕಂಡರು. ಭುಜ ಇಳಿಯಿತು, ಎತ್ತರ ಇಳಿಯಿತು. ಕೋಟಿನ ಗುಂಡಿಗೆ ಕೈ ಹಾಕಿದರು.

"ಇನ್ನೊಮ್ಮೆ," ಎಂದ ಉಳವಪ್ಪ.

ಅವರು ಇನ್ನೊಮ್ಮೆ ಮಾಡಿದರು. ಈ ಸಲ ಅವನು ಕಣ್ಣು ಕಿರಿದು ಮಾಡಿ ನೋಡಿದ. ಗದ್ದ ಎಲ್ಲಿ ನಿಲ್ಲುತ್ತದೆ, ಉಸಿರು ಎಲ್ಲಿ ಕಡಿಯುತ್ತದೆ, ‘ಶ್ವೆಸ್ಟರ್’ ಎಂಬುದು ಎಷ್ಟು ಉದ್ದ ಎಳೆಯುತ್ತದೆ. ಆಮೇಲೆ ಸ್ಟೂಲಿನಿಂದ ಎದ್ದು, ಗದ್ದವೆತ್ತಿ, ಮ್ಯೂಸಿಯಮ್ಮಿನ ಸೂಜಿ ಪೆಟ್ಟಿಗೆಯ ಮೇಲಿನ ಧೂಳನ್ನು ಒಂದು ಬೆರಳಲ್ಲಿ ಒರೆಸಿ, ಆ ಬೆರಳನ್ನು ಫ್ರೌ ಶಿನ್ ಅವರ ಮೂಗಿನ ಮುಂದೆ ಹಿಡಿದ. "ಶ್ವೆಸ್ಟರ್ ಶಿನ್! ಇದು ಧೂಳೋ, ಅಭಿಪ್ರಾಯವೋ?"

ಫ್ರೌ ಶಿನ್ ಬಾಯಿಗೆ ಕೈ ಒತ್ತಿಕೊಂಡರು. ನಗು ಬೆರಳ ಸಂದಿನಿಂದ ನುಗ್ಗಿತು. ಸ್ಟೂಲು ಹಿಡಿದು ಕೂತರು, ಕಣ್ಣಿಂದ ನೀರು ಇಳಿಯಿತು, ಕೊರಿಯನ್ ಭಾಷೆಯಲ್ಲಿ ಏನೋ ಹೇಳಿದರು. ಪಕ್ಕದ ಕೋಣೆಯಿಂದ ಫ್ರೌ ಲೆನ್ನಾರ್ಟ್ಸ್ ಇಣುಕಿ, ಏನೂ ಅರ್ಥವಾಗದೆ, ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡರು.

ಉಳವಪ್ಪ ಕಾಯುತ್ತ ನಿಂತ. ಫ್ರೌ ಶಿನ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಅವಳು ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದಳು," ಎಂದರು. "ಬಾಗಿಲಿನಿಂದ ಬನ್ನಿ."

ಉಳವಪ್ಪ ಬಾಗಿಲವರೆಗೆ ಹೋದ. ಎಡಗಾಲು ಎಳೆಯುತ್ತ ಬಂದ.